ಎಂಟು ಪಟಾಲಮುಗಳ ಬೇಲಿ

ಭೀಮಾತೀರದ ಇಂಡಿ, ಸಿಂದಗಿಗಳಿಂದಲೂ ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದಲೂ ಬಾಲಕರು ವಿಜಯಪುರದ ಸೈನಿಕ ಶಾಲೆಯ ಕನಸು ಕಾಣುವುದನ್ನು ನಾವು ಬಲ್ಲೆವು. ಎರೆಭೂಮಿಯ ಒಕ್ಕಲಿಗನ ಮಗನು ಸೈನ್ಯಾಧಿಕಾರಿಯಾಗಬೇಕೆಂದು ಹಂಬಲಿಸಿದರೆ ಈಗ ಯಾರೂ ಆಶ್ಚರ್ಯಪಡರು. ಆ ಶಾಲೆ ತೆರೆದದ್ದು 1963ರಲ್ಲಿ. ಅದಕ್ಕೆ ಐವತ್ತು ವರ್ಷ ಹಿಂದೆ ಹೀಗಿರಲಿಲ್ಲ. ಎಷ್ಟೇ ಶೂರನಾದರೂ ನಮ್ಮವನು ಸಿಪಾಯಿ, ಜಮಾದಾರ, ಸುಬೇದಾರ, ಹೆಚ್ಚೆಂದರೆ ಸುಬೇದಾರ್ ಮೇಜರ್; ಅಲ್ಲಿಗೆ ಮುಗಿಯಿತು. ನಿನ್ನೆ ಹಡಗಿಳಿದ ಆಂಗ್ಲ ತರುಣನಿಗೂ ಆ ನರೆಗೂದಲಿನವನು ಸಲಾಮು ಹೊಡೆಯಬೇಕು.

ಈ ಕಟ್ಟು ಸಡಿಲಿದ ಬಗೆ ಕೊಡಗಿನ ಕೊಡಂದೇರ ಕಾರ್ಯಪ್ಪನವರ ಬಾಳಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೊಡಗಿನ ಹೆಸರಿನ ರೈಫಲ್ ಪಟಾಲಮು ಒಂದು 1903ರಲ್ಲಿ ಹುಟ್ಟಿ ಮರುವರ್ಷವೇ ಅಳಿದಿತ್ತು. ಆದ್ದರಿಂದ ಅವರು ಸೇರಿದ್ದೆಲ್ಲ ಪರರ ಪಟಾಲಮುಗಳನ್ನೇ. ಇಂದೂರಿನಲ್ಲಿ ಶಿಕ್ಷಣ ಪಡೆದು 1919ರ ಡಿಸೆಂಬರಿನಲ್ಲಿ ಅಧಿಕಾರಿಯಾದರು.

ಬಾಗಿಲು ತೆರೆಯಿತೆಂದುಕೊಂಡರೆ ಒಳಗೊಂದು ಬೇಲಿ. 1923ರಲ್ಲಿ ಸರಕಾರವು ಎಂಟೇ ಪಟಾಲಮುಗಳನ್ನು ಭಾರತೀಯ ಅಧಿಕಾರಿಗಳಿಗೆಂದು ಗೊತ್ತುಮಾಡಿತು. ಬಿಳಿಯನೊಬ್ಬನು ಕರಿಯನ ಆಜ್ಞೆ ಪಾಲಿಸಬೇಕಾದ ಪ್ರಸಂಗ ಬಾರದಿರಲೆಂಬುದೇ ಇದರ ಒಳಗುಟ್ಟು. ಸುಬೇದಾರರು ನಡೆಸುತ್ತಿದ್ದ ಚಿಕ್ಕ ತುಕಡಿಗಳನ್ನು ಬರಬರುತ್ತ ಈ ಅಧಿಕಾರಿಗಳಿಗೇ ಹೊರಿಸಿದರು. ಬಡ್ತಿಯೆಂಬ ಹೆಸರಿನ ಹಿಂಬಡ್ತಿ! ಕಾರ್ಯಪ್ಪನವರ ರಾಜಪೂತ ಪಟಾಲಮು ಆ ಎಂಟರಲ್ಲಿ ಒಂದು.

1933ರಲ್ಲಿ ಅವರು ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದರು. ಅಲ್ಲಿಗೆ ಹೋದ ಮೊದಲ ಭಾರತೀಯರು. ಅದೇ ಕ್ವೆಟ್ಟಾದಲ್ಲಿ 1904ರಲ್ಲಿ ಕಟ್ಟಿದ್ದ ಹಜಾರಾ ಪಯೋನಿಯರ್ ಪಟಾಲಮನ್ನು ಸರಕಾರ ಅದೇ ವರ್ಷ ವಿಸರ್ಜಿಸಿತು. ಆ ಪಟಾಲಮಿನಲ್ಲಿ ಸಿಪಾಯಿಯಾಗಿ ಸೇರಿದ್ದ ಹಜಾರಾ ತರುಣ ಮೂಸಾ ಖಾನನು ಅಷ್ಟರಲ್ಲಿ ಡೆಹರಾಡೂನಿನ ಹೊಸ ಅಕಾಡೆಮಿಯ ಮೊದಲ ತಂಡವನ್ನು ಸೇರಿಬಿಟ್ಟಿದ್ದನು. ತಮ್ಮದೆಂಬ ಪಟಾಲಮಿಲ್ಲದ ಇಬ್ಬರೂ ಮೇಲೇರಿದ್ದು ಕುತೂಹಲದ ಸಂಗತಿ.

ಬೇಲಿಯನ್ನು ಮುರಿದದ್ದು ಯುದ್ಧ. 1942ರಲ್ಲಿ ಕಾರ್ಯಪ್ಪನವರು ಒಂದು ಪಟಾಲಮಿನ ಅಧಿಪತ್ಯ ಪಡೆದ ಮೊದಲ ಭಾರತೀಯರಾದರು. 1949ರ ಜನವರಿ 15ರಂದು ಜನರಲ್ ಬುಚರನು ಅವರಿಗೆ ಸೇನಾಧಿಪತ್ಯವನ್ನೊಪ್ಪಿಸಿದನು. ಮೂಸಾ ಖಾನನು 1958ರಲ್ಲಿ ಪಾಕಿಸ್ತಾನದ ದಂಡನಾಯಕನಾದನು.

1965ರ ಯುದ್ಧದ ಕೊನೆಯ ದಿನಗಳಲ್ಲಿ ಕಾರ್ಯಪ್ಪನವರ ವೈಮಾನಿಕ ಪುತ್ರನು ಪಾಕಿಸ್ತಾನದಲ್ಲಿ ಸೆರೆಯಾದನು. ಹಳೆಯ ಪರಿಚಯದ ಅಧ್ಯಕ್ಷ ಅಯೂಬ್ ಖಾನರು ಅವನನ್ನು ಬಿಟ್ಟುಕೊಡಲು ಮುಂದಾದಾಗ, ಸೆರೆಯಾಳುಗಳೆಲ್ಲರೂ ತಮ್ಮ ಮಕ್ಕಳೇ ಎಂದು ತಂದೆ ಒಪ್ಪಲಿಲ್ಲವೆಂದು ಪ್ರತೀತಿ. ಮಗನು ಸಹಸೆರೆಯಾಳುಗಳೊಡನೆ 1966ರ ಜನವರಿಯಲ್ಲಿ ಮರಳಿದನು.