ಹುಳು ಸತ್ತ ಮೇಲೆ ಸಗಣಿ

ದನದ ಔಷಧಗಳ ಚರಿತ್ರೆ ಬರೆಯುವವರು ದನ ಗುಣವಾದಲ್ಲಿಗೆ ಕಥೆ ಮುಗಿಸಿಬಿಡುತ್ತಾರೆ. ಐವರ್‌ಮೆಕ್ಟಿನ್ ವಿಷಯದಲ್ಲಂತೂ ಆ ಕಥೆ ಸೊಗಸಾಗಿಯೇ ಇದೆ. ಜಪಾನಿನ ಕವಾನಾ ಎಂಬಲ್ಲಿ, ಗಾಲ್ಫ್ ಮೈದಾನದ ಬಳಿಯ ಮಣ್ಣಿನಿಂದ ಸತೋಷಿ ಒಮುರಾ ಬೇರ್ಪಡಿಸಿದ ಸೂಕ್ಷ್ಮಜೀವಿ ಅಮೆರಿಕದ ಮರ್ಕ್ ಕಂಪನಿಯ ಪ್ರಯೋಗಾಲಯ ಸೇರಿತು. ಅದರಲ್ಲಿ ಜಂತುಹುಳು ಕೊಲ್ಲುವ ಗುಣವಿದೆಯೆಂದು ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು ಕಂಡುಕೊಂಡರು. 1981ರಲ್ಲಿ ಮದ್ದು ಮಾರಾಟಕ್ಕೆ ಬಂತು, 2015ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು. ಕರುಳಿನ ಹುಳುವನ್ನೂ ಮೈಮೇಲಿನ ಹೇನನ್ನೂ ಒಂದೇ ಸೂಜಿಯಲ್ಲಿ ಓಡಿಸುವ ಮದ್ದು ರೈತರಿಗೆ ವರವಾಗಿದ್ದರಲ್ಲಿ ಅನುಮಾನವಿಲ್ಲ. ಆದರೆ ದನದ ಮೈ ಅದನ್ನು ಪೂರ್ತಿ ಅರಗಿಸಿಕೊಳ್ಳುವುದಿಲ್ಲ. ಮೂತ್ರದಲ್ಲಿ ಹೋಗುವುದು ಅತ್ಯಲ್ಪ. ಉಳಿದದ್ದೆಲ್ಲ ಸಗಣಿಗೆ ಇಳಿಯುತ್ತದೆ, ಅದರಲ್ಲೂ ಗಣನೀಯ ಪಾಲು ಮೂಲರೂಪದಲ್ಲೇ. ಅಲ್ಲಿಂದ ಮುಂದೆ ಲೆಕ್ಕ ಹಾಕಿದ ರೀತಿಯಲ್ಲೇ ಒಂದು ಕೊರತೆಯಿತ್ತು ಎಂಬುದು ನನ್ನ ವಾದ. ಮದ್ದು ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿದರು, ಸಗಣಿ ಎಷ್ಟು ದಿನ ಉಳಿಯುತ್ತದೆ ಎಂದು ಕೇಳುವುದು ತಡವಾಯಿತು. ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡಲು ಬರುವುದಿಲ್ಲ.

ಬಿಸಿಲಿಗೆ ಬಿದ್ದರೆ ಐವರ್‌ಮೆಕ್ಟಿನ್ ಬೇಗ ಒಡೆಯುತ್ತದೆ, ಇದು ರಸಾಯನಶಾಸ್ತ್ರದ ಮಾತು. ಬಯಲಲ್ಲಿ ಮಣ್ಣು-ಸಗಣಿ ಬೆರೆಸಿಟ್ಟು ನೋಡಿದಾಗ ಬೇಸಿಗೆಯಲ್ಲಿ ಒಂದೆರಡು ವಾರದಲ್ಲಿ ಅರ್ಧದಷ್ಟು ಕರಗಿತ್ತು. ಅದೇ ಮಿಶ್ರಣ ಚಳಿಗಾಲದಲ್ಲಿ 91ರಿಂದ 217 ದಿನ ತೆಗೆದುಕೊಂಡಿತು. ಹುಲ್ಲುಗಾವಲಿನಲ್ಲಿ ಬಿದ್ದ ಸಗಣಿಯ ಸ್ಥಿತಿಯೇ ಬೇರೆ. ಮೇಲೆ ಹೆಕ್ಕಳೆ ಕಟ್ಟುತ್ತದೆ, ಒಳಗೆ ಬೆಳಕು ಹೋಗುವುದಿಲ್ಲ, ಗಾಳಿಯೂ ಕಡಿಮೆ. ಮದ್ದು ಸಗಣಿಯ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವುದರಿಂದ ಮಳೆಯೂ ಅದನ್ನು ಸುಲಭವಾಗಿ ತೊಳೆಯದು. ಆ ಗುಪ್ಪೆಯನ್ನು ಕೊರೆದು, ಕೆದರಿ, ಮಣ್ಣಿಗೆ ಎಳೆದುಕೊಂಡು ಹೋಗುವುದು ಸಗಣಿ ದುಂಬಿ ಮತ್ತು ನೊಣದ ಮರಿಗಳು. ಈ ಮದ್ದು ಮೊದಲು ಕೊಲ್ಲುವುದೂ ಅವುಗಳ ಮರಿಗಳನ್ನೇ. ತನ್ನನ್ನು ಬಿಸಿಲಿಗೆ ತರಬೇಕಾದ ಕೂಲಿಯವರನ್ನು ಮದ್ದು ತಾನೇ ಕೊಂದುಹಾಕುತ್ತದೆ.

ಇದು ಯಾರಿಗೂ ಹೊಳೆಯದ ಸಂಗತಿಯಾಗಿರಲಿಲ್ಲ. 1938ರಲ್ಲೇ ಅಮೆರಿಕದ ಕೀಟತಜ್ಞ ಎಡ್ವರ್ಡ್ ನಿಪ್ಲಿಂಗ್ ದನಗಳಿಗೆ ಫೀನೋಥಯಜಿನ್ ತಿನ್ನಿಸಿ, ಅವುಗಳ ಸಗಣಿಯಲ್ಲಿ ರಕ್ತ ಹೀರುವ ನೊಣದ ಮರಿ ಬೆಳೆಯದಂತೆ ಮಾಡುವ ಉಪಾಯವನ್ನು ಪ್ರಕಟಿಸಿದ್ದರು. ಸಗಣಿಯಲ್ಲಿ ಉಳಿದ ಮದ್ದು ಹುಳು ಕೊಲ್ಲುತ್ತದೆ ಎಂಬುದು ಆಗ ಗುಣವೆನಿಸಿತ್ತು. ಹುಳುವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಒಂದು ಖಂಡದಷ್ಟು ದೊಡ್ಡ ಸಾಕ್ಷಿ ಬಿದ್ದಿತ್ತು. 1788ರಲ್ಲಿ ಬ್ರಿಟಿಷರ ಹಡಗುಗಳಲ್ಲಿ ಅಲ್ಲಿಗೆ ದನಗಳು ಬಂದವು, ಅವುಗಳ ಸಗಣಿಗೆ ಒಗ್ಗಿದ ದುಂಬಿಗಳು ಬರಲಿಲ್ಲ. ಅಲ್ಲಿನ ದುಂಬಿಗಳಿಗೆ ಗೊತ್ತಿದ್ದದ್ದು ಕಾಂಗರೂಗಳ ಒಣ ಹಿಕ್ಕೆ. ದನದ ಸಗಣಿ ಬಿದ್ದಲ್ಲೇ ಒಣಗಿ ಹುಲ್ಲನ್ನು ಮುಚ್ಚಿತು, ನೊಣಗಳು ಹೆಚ್ಚಿದವು. ಹಂಗೇರಿಯಿಂದ ವಲಸೆ ಬಂದ ಜಾರ್ಜ್ ಬೋರ್ನೆಮಿಸ್ಸಾ ಅವರ ಒತ್ತಾಸೆಯಿಂದ ಸರ್ಕಾರಿ ವಿಜ್ಞಾನ ಸಂಸ್ಥೆ 1965ರಿಂದ 1985ರ ತನಕ ಹೊರನಾಡಿನ ದುಂಬಿಗಳನ್ನು ತಂದು ಬಿಡುವ ಯೋಜನೆ ನಡೆಸಿತು. ರೋಗ ಬರದಂತೆ ಮೊಟ್ಟೆಗಳನ್ನು ಔಷಧದಲ್ಲಿ ತೊಳೆದು, ಕೈಯಿಂದ ಕಟ್ಟಿದ ಸಗಣಿ ಉಂಡೆಯೊಳಗೆ ಇಟ್ಟು ಸಾಕಿದರು. ಹೀಗೆ ಬಿಟ್ಟ 43 ಜಾತಿಗಳಲ್ಲಿ 23 ನೆಲೆಯೂರಿದವು. ದುಂಬಿಗಾಗಿ ಸರ್ಕಾರ ದುಡ್ಡು ಸುರಿಯುತ್ತಿದ್ದ ಅದೇ ಕಾಲದಲ್ಲಿ ದುಂಬಿಯ ಮರಿ ಕೊಲ್ಲುವ ಮದ್ದು ಮಾರುಕಟ್ಟೆಗೆ ಬಂತು. ವಿಪರ್ಯಾಸ ಎಂಬ ಪದವನ್ನು ಎಲ್ಲೆಂದರಲ್ಲಿ ಬಳಸುತ್ತೇವೆ, ಇಲ್ಲಿ ಮಾತ್ರ ಅದು ಸಲ್ಲುತ್ತದೆ.

1987ರಲ್ಲಿ ಬ್ರಿಸ್ಟಲ್‌ನ ರಿಚರ್ಡ್ ವಾಲ್ ಮತ್ತು ಲೆಸ್ಲಿ ಸ್ಟ್ರಾಂಗ್ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದಾಗ ವಿಷಯ ಬಯಲಿಗೆ ಬಂತು. ಹೊಟ್ಟೆಯಲ್ಲಿ ನಿಧಾನವಾಗಿ ಮದ್ದು ಬಿಡುವ ಗುಳಿಗೆ ನುಂಗಿದ ಕರುಗಳ ಸಗಣಿ ನೂರು ದಿನ ಕಳೆದರೂ ಗಟ್ಟಿಯಾಗಿ ಬಿದ್ದಿತ್ತು, ಮದ್ದು ಕೊಡದವುಗಳದ್ದು ಬಹುಪಾಲು ಕರಗಿಹೋಗಿತ್ತು. ಆಕ್ಷೇಪಗಳು ಕೂಡಲೇ ಎದ್ದವು. ರೈತರು ಸಾಮಾನ್ಯವಾಗಿ ಕೊಡುವುದು ಒಂದೇ ಸೂಜಿ, ಹಿಂಡಿನ ಎಲ್ಲ ದನಗಳಿಗೂ ಅಲ್ಲ, ದುಂಬಿಗೆ ಬೇರೆ ಸಗಣಿ ಸಿಕ್ಕೇ ಸಿಗುತ್ತದೆ ಎಂದರು. ಇದು ತೂಕದ ಮಾತೇ. ಗುಳಿಗೆಯ ಪ್ರಯೋಗವನ್ನು ಸೂಜಿಗೆ ಹಾಗೇ ಅನ್ವಯಿಸುವುದು ತಪ್ಪು. ಇನ್ನು ಕೆಲವು ಕಡೆಗಳಲ್ಲಿ ಮದ್ದಿನ ಸಗಣಿಯೂ ಉಳಿದದ್ದೂ ಒಂದೇ ವೇಗದಲ್ಲಿ ಕರಗಿದ್ದು ಕಂಡುಬಂತು. ಈ ಎರಡನೆಯ ಆಕ್ಷೇಪ ನನ್ನ ವಾದಕ್ಕೆ ಪುಷ್ಟಿಯನ್ನೇ ಕೊಡುತ್ತದೆ. ಮಳೆ, ದನದ ತುಳಿತ, ಎರೆಹುಳು ಸಗಣಿ ಒಡೆಯುವ ಕಡೆ ದುಂಬಿ ಸತ್ತರೂ ವ್ಯತ್ಯಾಸ ಕಾಣದು, ಈ ಪ್ರಮಾಣದ ಮದ್ದಿನಿಂದ ಎರೆಹುಳುವಿಗೆ ಹೆಚ್ಚು ಅಪಾಯವಿಲ್ಲ. ಅಂದರೆ ಮದ್ದಿನ ಆಯಸ್ಸು ಆ ನೆಲದಲ್ಲಿ ಸಗಣಿ ಒಡೆಯುವವರು ಯಾರು ಎಂಬುದರ ಮೇಲೆ ನಿಂತಿದೆ. ಇದಲ್ಲದೆ ಬೆಳೆದ ದುಂಬಿ ಬದುಕಿ ಮರಿ ಸಾಯುವುದರಿಂದ, ಈ ವರ್ಷದ ಗುಪ್ಪೆ ನೋಡಿ ಮುಂದಿನ ವರ್ಷದ ನಷ್ಟ ಹೇಳಲಾಗದು.

ನಮ್ಮ ಹಳ್ಳಿಗಳಲ್ಲಿ ಕೊಟ್ಟಿಗೆಯ ಸಗಣಿ ಬೆಳಗಾದರೆ ತಿಪ್ಪೆ ಸೇರುತ್ತದೆ ಇಲ್ಲವೇ ಬೆರಣಿಯಾಗಿ ಒಲೆಗೆ ಹೋಗುತ್ತದೆ, ಹುಲ್ಲುಗಾವಲಿನ ಅಂಕಿಗಳನ್ನು ಇಲ್ಲಿಗೆ ತಂದು ಹಚ್ಚಬಾರದು. ತಿಪ್ಪೆಯ ಒಳಗೆ ಬಿಸಿಲು ಹೋಗದು, ಅಲ್ಲಿ ಮದ್ದು ಒಡೆಯಬೇಕಾದರೆ ಸೂಕ್ಷ್ಮಜೀವಿಗಳು ಮತ್ತು ಅವು ಎಬ್ಬಿಸುವ ಕಾವೇ ಗತಿ. ತಿಪ್ಪೆ ಮಗುಚುವುದರಿಂದ ಇಲ್ಲಿ ಲಾಭವಿದೆ. ಬಯಲಲ್ಲಿ ಮೇಯುವ ದನದ ಸಗಣಿಗೆ ಮಾತ್ರ ದುಂಬಿಯ ಲೆಕ್ಕ ಇಲ್ಲಿಯೂ ಹಾಗೇ ಅನ್ವಯಿಸುತ್ತದೆ.

ಪಶು ಔಷಧಗಳ ಪರಿಸರ ಪರೀಕ್ಷೆಗೆ ಅಮೆರಿಕ, ಯುರೋಪ್, ಜಪಾನ್ ಒಟ್ಟಾಗಿ ಒಪ್ಪಿದ ಮೊದಲ ಮಾರ್ಗಸೂಚಿ ಬಂದದ್ದು 2000ರಲ್ಲಿ. ಮಣ್ಣಿನಲ್ಲಿ ಕಿಲೋಗ್ರಾಂಗೆ 100 ಮೈಕ್ರೋಗ್ರಾಂಗಿಂತ ಕಡಿಮೆ ಉಳಿಯುವ ಔಷಧಕ್ಕೆ ಅದು ಹೆಚ್ಚಿನ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು, ಹುಲ್ಲುಗಾವಲಿನ ದನಗಳ ಜಂತುನಾಶಕಗಳಿಗೆ ಮಾತ್ರ ಕೊಡಲಿಲ್ಲ. ಸಗಣಿ ನೊಣದ ಮರಿಯ ಮೇಲೆ ಮದ್ದನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ವಿಧಾನ ಸಿದ್ಧವಾದದ್ದು 2008ರಲ್ಲಿ, ಐವರ್‌ಮೆಕ್ಟಿನ್ ಮಾರಾಟಕ್ಕೆ ಬಂದ 27 ವರ್ಷಗಳ ಮೇಲೆ.