77ನೇ ರೇಖಾಂಶದ ಆಚೆ ಈಚೆ

ಬೀದರ್ ಜಿಲ್ಲೆಯಲ್ಲಿ 77 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ ಬಸವಕಲ್ಯಾಣ, ಪೂರ್ವಕ್ಕೆ ಹುಮನಾಬಾದ್. ನೆಲದ ಮೇಲೆ ಆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತೊಗರಿ, ಸೋಯಾ, ಕಬ್ಬಿನ ಹೊಲಗಳು ಒಂದರೊಳಗೊಂದು ಸೇರಿಕೊಂಡಿವೆ. ಆದರೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಮಣ್ಣಿನ ತೇವದ ದಾಖಲೆ ಭೂಮಿಯನ್ನು ಕಾಲು ಡಿಗ್ರಿಯ ಚೌಕಗಳಾಗಿ ಹಂಚಿದೆ. ಒಂದು ಚೌಕ ಮುಗಿದು ಇನ್ನೊಂದು ಶುರುವಾಗುವುದು ಇದೇ ಗೆರೆಯಲ್ಲಿ. ಹಾಗಾಗಿ ಎರಡೂ ಊರುಗಳಿಗೆ ಸುಮಾರು 27 ಕಿ.ಮೀ. ಅಗಲದ ಒಂದೊಂದು ಚೌಕ ದಕ್ಕಿದೆ. ದಾಖಲೆ 1978ರ ನವೆಂಬರ್‌ನಿಂದ ಶುರು. ಎರೆಯೂ ಜಂಬಿಟ್ಟಿಗೆಯ ಕೆಂಪು ಮಣ್ಣೂ ಬೆರೆತ ಈ ಸೀಮೆಯಲ್ಲಿ, ನಾಲ್ಕು ದಶಕಗಳಲ್ಲಿ ಯಾವ ಕಡೆ ಹಸಿ ಬೇಗ ಆರಿದೆ? ಎರಡು ಚೌಕ ಪಕ್ಕಪಕ್ಕ ಇಟ್ಟರೆ ಉತ್ತರ ಸಿಕ್ಕೀತೆಂದು ನಂಬಿ ಕೂತೆ.

ಉಪಗ್ರಹ ತೇವವನ್ನು ಅಳೆಯುವ ಉಪಾಯ ನನಗೆ ಇಂದಿಗೂ ಬೆರಗು. ಮೈಕ್ರೋವೇವ್ ಅಲೆಗೆ ಒಣಮಣ್ಣು ಬೇರೆ, ನೀರು ಬೇರೆ. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣವನ್ನು ಅಂಕಿಯಲ್ಲಿ ಹೇಳಿದರೆ ಒಣಮಣ್ಣಿನದು 3ರಿಂದ 5, ನೀರಿನದು 80ರ ಆಸುಪಾಸು. ಹಸಿ ಏರಿದಂತೆ ನೆಲ ತಾನಾಗಿ ಸೂಸುವ ಅಲೆ ಮಂದವಾಗುತ್ತದೆ; ಮೇಲಿನಿಂದ ಕಳಿಸಿದ ಅಲೆಯಾದರೆ ಹೆಚ್ಚು ಬಲವಾಗಿ ಮರಳುತ್ತದೆ. ಮೋಡ ಅಡ್ಡ ಬರುವುದಿಲ್ಲ. ಮುಂಗಾರಿನ ನಾಡಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕೇ!

ಎರಡೂ ಚೌಕಗಳ ತೇವದ ಏರಿಳಿತದ ಗೆರೆಗಳನ್ನು ಎಳೆದೆ. ಹಳೆಯ ವರ್ಷಗಳಲ್ಲಿ ಅವು ಅವಳಿಗಳಂತೆ ಕಂಡವು. ಆಮೇಲೆ ಪ್ರತಿ ದಿನದ ಅಂಕಿಯ ಪಕ್ಕದಲ್ಲೇ ಇರುವ ಇನ್ನೊಂದು ಕಾಲಮ್ಮಿನತ್ತ ಕಣ್ಣು ಹೋಯಿತು: ಆ ದಿನ ಅಳೆದ ಉಪಕರಣ ಯಾವುದು ಎಂಬ ಗುರುತು. ಅಲ್ಲಿಂದ ನನ್ನ ಹುಡುಕಾಟ ದಿಕ್ಕು ಬದಲಿಸಿತು. ಮಣ್ಣನ್ನು ಬಿಟ್ಟು ಉಪಗ್ರಹಗಳ ಜಾತಕ ಓದತೊಡಗಿದೆ.

ಮೊದಲ ಒಂಬತ್ತು ವರ್ಷ ನಿಂಬಸ್-7ರದು. ವಿದ್ಯುತ್ ಸಾಲದೆ ಅದರ ತೇವ ಅಳೆಯುವ ಉಪಕರಣವನ್ನು ದಿನ ಬಿಟ್ಟು ದಿನ ನಡೆಸುತ್ತಿದ್ದರು. ಅದು ಒಮ್ಮೆಗೆ ನೋಡುತ್ತಿದ್ದ ನೆಲದ ಉದ್ದ ಸುಮಾರು 150 ಕಿ.ಮೀ. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಗಡಿಯಾಚೆಯ ಉಮರ್ಗಾ ಎಲ್ಲವೂ ಒಂದೇ ನೋಟಕ್ಕೆ ಸೇರುವಷ್ಟು. ಆ ಕಾಲದ ಗೆರೆಗಳು ಅವಳಿಗಳಾಗದೆ ಇನ್ನೇನಾದಾವು? ಚೌಕ ಎರಡಾಗಿದ್ದರೂ ಕಣ್ಣು ಒಂದೇ ಆಗಿತ್ತು.

1987ರಿಂದ 19 ಗಿಗಾಹರ್ಟ್ಜ್‌ನ ಉಪಕರಣ ಬಂತು. ಅಷ್ಟು ಗಿಡ್ಡ ಅಲೆ ಬೆಳೆಯ ಎಲೆಗಳಲ್ಲೇ ತಡೆದು ನಿಲ್ಲುತ್ತದೆ. 1991ರಲ್ಲಿ ಇಆರ್‌ಎಸ್-1 ಬಂದು ರೇಡಾರ್ ಸೇರಿತು. ಆಮೇಲೆ ಆಮ್ಸರ್-ಇ, ಆಸ್ಕ್ಯಾಟ್, 2009ರ ನವೆಂಬರ್‌ನಲ್ಲಿ ಸ್ಮಾಸ್, 2015ರಲ್ಲಿ ಸ್ಮ್ಯಾಪ್. ಸ್ಮ್ಯಾಪ್‌ನ ರೇಡಾರ್ ಅದೇ ಜುಲೈನಲ್ಲಿ ಕೆಟ್ಟು, ನೆಲ ಸೂಸುವ ಅಲೆಯನ್ನು ಅಳೆಯುವ ರೇಡಿಯೋಮೀಟರ್ ಮಾತ್ರ ಉಳಿಯಿತು.

ಇವೆಲ್ಲವನ್ನೂ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ವೊಲ್ಫ್‌ಗಾಂಗ್ ವಾಗ್ನರ್ ಮತ್ತು ಸಂಗಡಿಗರು ಒಂದೇ ಮಾಲೆಯಾಗಿ ಪೋಣಿಸಿದ್ದಾರೆ. ಬೇರೆ ಬೇರೆ ಉಪಕರಣಗಳ ಅಂಕಿಗಳನ್ನು ಕಂಪ್ಯೂಟರ್ ಮಾದರಿಯೊಂದರ ಏರಿಳಿತದ ಅಳತೆಗೆ ಹೊಂದಿಸಿದ್ದಾರೆ. ಆದ್ದರಿಂದ ಒಟ್ಟು ಮಾಲೆಯಲ್ಲಿ ನೆಲ ಇಂದು ತೊಯ್ದಿತೇ, ನಾಳೆ ಆರಿತೇ ಎಂಬುದು ಉಪಗ್ರಹ ಕೊಟ್ಟ ಸುದ್ದಿ. ಒಟ್ಟಾರೆ ಎಷ್ಟು ಹಸಿ ಎಂಬ ಮಟ್ಟ ಆ ಮಾದರಿಯದು. ಇದು ತಿಳಿದ ಮೇಲೆ, ಗೆರೆ ಜಿಗಿದ ಕಡೆಯೆಲ್ಲ ಮಳೆಯ ಲೆಕ್ಕಕ್ಕೆ ಮೊದಲು ಉಪಗ್ರಹ ಬದಲಾದ ದಿನಾಂಕ ನೋಡುವುದನ್ನು ರೂಢಿ ಮಾಡಿಕೊಂಡೆ.

ಈ ಎಚ್ಚರ ಬರೀ ಪಂಡಿತರ ಚೌಕಾಸಿಯಲ್ಲ. 2016ರ ಕೇಂದ್ರದ ಬರ ನಿರ್ವಹಣಾ ಕೈಪಿಡಿ ಬರ ಘೋಷಣೆಯ ಮಾನದಂಡಗಳಲ್ಲಿ ಮಣ್ಣಿನ ತೇವವನ್ನೂ ಸೇರಿಸಿದೆ. ತಪ್ಪಾಗಿ ಓದಿದ ಅಂಕಿಗೆ ಬೆಲೆ ತೆರುವವನು ರೈತ.

ಆಕಾಶದ ಮಾತನ್ನು ನೆಲದಲ್ಲಿ ಒರೆ ಹಚ್ಚುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ, ಆದರೆ ಬೀದರಿನಿಂದ ಪೂರ್ತಿ ಎದುರು ತುದಿಯಲ್ಲಿ. ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶೇಖರ್ ಮುದ್ದು ಮತ್ತು ಫ್ರೆಂಚ್ ವಿಜ್ಞಾನಿಗಳು ವರ್ಷಗಟ್ಟಲೆ ಹೊಲಹೊಲಗಳ ತೇವ ಅಳೆದು ಸ್ಮಾಸ್, ಸ್ಮ್ಯಾಪ್ ಅಂಕಿಗಳೊಡನೆ ಹೋಲಿಸಿದ್ದಾರೆ. ಅಂಥದೊಂದು ಕೆಲಸ ಈ ಎರೆಸೀಮೆಗೂ ಬೇಕೆಂಬುದು ನನ್ನ ಹಂಬಲ. ಒಣಗಿದರೆ ಬಿರಿಯುವ, ನೆನೆದರೆ ಉಬ್ಬುವ ಮಣ್ಣಿದು. ಬೇರೆಡೆಯ ಹೊಂದಾಣಿಕೆ ಇಲ್ಲಿಗೆ ಹಾಗೇ ಒಪ್ಪುತ್ತದೆಂದು ಹೇಗೆ ನಂಬುವುದು? 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹ ಹೊಲದಷ್ಟು ಸಣ್ಣ ತುಂಡನ್ನೂ ಗುರುತಿಸಬಲ್ಲದು. ಆದರೆ ಅದರ ಮಾಲೆ ಈಗಷ್ಟೇ ಶುರು.

ಹಿಂಗಾರಿ ಜೋಳ ಬಿತ್ತಿದ ಹೊಲವೊಂದಕ್ಕೆ ಮುದ್ರಿಸಿದ ಗೆರೆಯೊಡನೆ ಹೋಗಿದ್ದೆ. ನೆಲ ಆರಿದೆ ಎನ್ನುತ್ತಿತ್ತು ಗೆರೆ. ಹೊಲದ ಕಾಕಾಗೆ ತೋರಿಸಿದೆ.

“ಇದು ಎಷ್ಟ ಆಳದ್ದು?” ಅಂದರು.

“ಎರಡರಿಂದ ಐದು ಸೆಂಟಿಮೀಟರ್, ಕಾಕಾ.” ಎರಡು ಬೆರಳಿನ ಅಗಲ ತೋರಿಸಿದೆ.

“ಮ್ಯಾಲೆ ಆರೇದ, ಖರೇ ಅದ” ಎಂದು ಕುರ್ಪಿಯಿಂದ ಮೊಣಕೈ ಆಳ ತೋಡಿದರು. ಅಡಿಯಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಒತ್ತಿ, ನನ್ನ ಅಂಗೈ ಮೇಲೆ ಇಟ್ಟರು. ಕಪ್ಪು ಉಂಡೆ, ಬೆರಳಿನ ಗುರುತು ಹಾಗೇ ನಿಂತಿತ್ತು.

“ಜ್ವಾಳ ಕುಡಿಯೋದು ಇದನ್ನ, ನೋಡಪ್ಪಾ.”