ತಕ್ಕಡಿಯ ಮುಂದೆ ಅಣುವ್ರತ

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಹೇರಿಕೊಂಡು ಬಂದ ರೈತನ ಕಣ್ಣು ಇರುವುದೆಲ್ಲ ತೇವಾಂಶ ನೋಡುವ ಯಂತ್ರದ ಮೇಲೆ ಮತ್ತು ತೂಕದ ಮೇಲೆ. ಹಸಿ ಇದೆಯೆಂದು ಕ್ವಿಂಟಲಿಗೆ ಎಷ್ಟು ಮುರಿದುಕೊಳ್ಳುತ್ತಾರೆ, ಲೆಕ್ಕ ಪಕ್ಕಾ ಬಿಲ್ಲಿನಲ್ಲಿ ಬರುತ್ತದೋ ಬಿಳಿ ಚೀಟಿಯಲ್ಲೋ ಎಂಬುದೇ ಅವನ ಚಿಂತೆ. ಇಂಥ ಸಂಗತಿಗೆ ಧರ್ಮಗ್ರಂಥ ಕೈಹಾಕೀತೆಂದು ನಾವು ಎಣಿಸುವುದಿಲ್ಲ. ಜೈನರ ಆಚಾರಶಾಸ್ತ್ರ ಹಾಕಿದೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ವ್ರತಗಳಿಗೇ ಮೀಸಲು. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದನ್ನು ಮುನಿಗಳು ಪೂರ್ತಿಯಾಗಿ ಪಾಲಿಸಿದರೆ ಮಹಾವ್ರತ. ಗೃಹಸ್ಥರು ತಮ್ಮ ಶಕ್ತಿಗೆ ತಕ್ಕಷ್ಟು ಪಾಲಿಸಿದರೆ ಅಣುವ್ರತ. ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತ ಸಡಿಲವಾಗುವ ಬಗೆಗಳನ್ನು ಹೇಳಿದೆ. ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಕೊಳ್ಳಲೊಂದು ಕೊಡಲೊಂದು ಅಳತೆ ಇಡುವುದು, ಕಲಬೆರಕೆ ಮಾಡುವುದು: ಇವೆಲ್ಲ ಅಚೌರ್ಯಕ್ಕೆ ಕುಂದು. ಸುಳ್ಳು ಪತ್ರ ಬರೆಯುವುದು, ನಂಬಿ ಇಟ್ಟ ಹಣವನ್ನು ನುಂಗುವುದು ಸತ್ಯಕ್ಕೆ ಕುಂದು. ಮಿತಿಮೀರಿ ಹೇರು ಹೊರಿಸುವುದು, ಹೊತ್ತಿಗೆ ಅನ್ನ ನೀರು ಕೊಡದಿರುವುದು ಅಹಿಂಸೆಗೆ ಕುಂದು. ಹಮಾಲರ ಬೆನ್ನ ಮೇಲಿನ ಮೂಟೆಯೂ ಈ ಲೆಕ್ಕದೊಳಗೆ ಬರಬೇಕು. ವ್ರತ ಸಣ್ಣದಾದ್ದರಿಂದಲೇ ಅದು ಮುರಿದದ್ದು ಕಣ್ಣಿಗೆ ಕಾಣುತ್ತದೆ. ಅಣುವ್ರತದ ನಿಜವಾದ ಬಲ ಇರುವುದು ಇಲ್ಲೇ.

ಕನ್ನಡ ನಾಡಿನಲ್ಲಿ ಈ ವ್ರತಗಳನ್ನು ಜನರ ಬಳಿಗೆ ಒಯ್ದದ್ದು ಕಥೆ. 1112ರ ಸುಮಾರಿಗೆ ಮುಳಗುಂದದ ನಯಸೇನ ‘ಧರ್ಮಾಮೃತ’ದ 14 ಆಶ್ವಾಸಗಳಲ್ಲಿ ಸಮ್ಯಕ್ತ್ವ (ಸರಿಯಾದ ಶ್ರದ್ಧೆ), ಅದರ ಎಂಟು ಅಂಗಗಳು ಮತ್ತು ಐದು ವ್ರತಗಳನ್ನು ಒಂದೊಂದಾಗಿ ಕಥೆ ಮಾಡಿದ. ಸಂಸ್ಕೃತದ ಭಾರ ಇಳಿಸಿ, ಗಾದೆಗಳನ್ನೂ ನಾಟಿ ಹೋಲಿಕೆಗಳನ್ನೂ ಧಾರಾಳವಾಗಿ ಬಳಸಿ ಬರೆದ. ಅದಕ್ಕೆ ನೂರು ವರ್ಷ ಮೊದಲೇ ಲಕ್ಕುಂಡಿಯಲ್ಲಿದ್ದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ್ದಳು. ಆಸ್ತಿಗೆ ತಾನೇ ಮಿತಿ ಹಾಕಿಕೊಳ್ಳುವುದು ಗೃಹಸ್ಥನ ಅಪರಿಗ್ರಹ ವ್ರತ. ಮಿಗುವ ಸಂಪತ್ತು ಜ್ಞಾನಕ್ಕೆ ಸಲ್ಲಬಹುದೆಂಬುದಕ್ಕೆ ಅತ್ತಿಮಬ್ಬೆಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ.

ಆಮೇಲಿನ ಶತಮಾನಗಳಲ್ಲಿ ವ್ರತ ಹೆಚ್ಚಾಗಿ ಅಡುಗೆಮನೆಗೂ ಬಸದಿಗೂ ಸೀಮಿತವಾಯಿತು. ಅದು ಮತ್ತೆ ಸಮಾಜದ ಕಡೆ ತಿರುಗಿದ್ದು 1899ರಲ್ಲಿ, ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದಾಗ. ಕನ್ನಡ, ಮರಾಠಿ ಮಾತಾಡುವ ರೈತಾಪಿ ಜೈನರ ಮಕ್ಕಳಿಗೆ ಬೋರ್ಡಿಂಗ್ ಕಟ್ಟುವುದನ್ನು ಸಭೆ ತನ್ನ ಮುಖ್ಯ ಕೆಲಸವೆಂದು ಬಗೆಯಿತು.

ಅಣುವ್ರತಕ್ಕೆ ಚಳವಳಿಯ ರೂಪ ಕೊಟ್ಟವರು ಮಾತ್ರ ರಾಜಸ್ಥಾನದ ಆಚಾರ್ಯ ತುಳಸಿ. ಶ್ವೇತಾಂಬರ ತೇರಾಪಂಥದ ಒಂಬತ್ತನೆಯ ಆಚಾರ್ಯರಾದ ಅವರು 1949ರ ಮಾರ್ಚ್‌ನಲ್ಲಿ ಸರ್ದಾರ್‌ಶಹರದಲ್ಲಿ ಇದನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಕಾಳಸಂತೆ ಎಲ್ಲೆಡೆ ಇತ್ತು, ಅವರ ಅನುಯಾಯಿಗಳಲ್ಲಿ ಹೆಚ್ಚಿನವರು ವ್ಯಾಪಾರಿಗಳೇ ಆಗಿದ್ದರು. ಮರುವರ್ಷ ದೆಹಲಿಯ ಅಧಿವೇಶನದಲ್ಲಿ ನೂರಾರು ಜನ ವ್ರತ ತೊಟ್ಟ ಸುದ್ದಿ ಅಮೆರಿಕದ ‘ಟೈಮ್’ ಪತ್ರಿಕೆಯವರೆಗೂ ಹೋಯಿತು. ಸಂನ್ಯಾಸಿಯೊಬ್ಬರು ತಮ್ಮ ಭಕ್ತರ ಗಲ್ಲಾಪೆಟ್ಟಿಗೆಯ ಬಗ್ಗೆಯೇ ಮಾತಾಡಲು ಧೈರ್ಯ ಬೇಕು. ಜೈನರಾಗಬೇಕಿಲ್ಲ, ತಮ್ಮನ್ನು ಗುರುವೆಂದು ಒಪ್ಪಬೇಕಿಲ್ಲ ಎಂದದ್ದು ಇನ್ನೂ ದೊಡ್ಡ ಹೆಜ್ಜೆ. ಈಗಿರುವ 11 ವ್ರತಗಳಲ್ಲಿ ಅಸ್ಪೃಶ್ಯತೆ ಆಚರಿಸದಿರುವುದು, ಚುನಾವಣೆಯಲ್ಲಿ ಅಕ್ರಮ ಮಾಡದಿರುವುದು, ವ್ಯಸನದಿಂದ ದೂರವಿರುವುದು, ಮರ ಕಡಿಯದೆ ನೀರು ಪೋಲು ಮಾಡದೆ ಬದುಕುವುದು ಸೇರಿವೆ. ವಿದ್ಯಾರ್ಥಿಗೆ, ವ್ಯಾಪಾರಿಗೆ, ಅಧಿಕಾರಿಗೆ ಬೇರೆ ಬೇರೆ ವ್ರತಗಳೂ ಇವೆ: ನಕಲು ಬೇಡ, ಕಲಬೆರಕೆ ಬೇಡ, ಲಂಚ ಬೇಡ. 1960ರ ಹೊತ್ತಿಗೆ ‘ನಯಾ ಮೋಡ್’ ಹೆಸರಿನಲ್ಲಿ ಪರದೆ ಪದ್ಧತಿ, ವರದಕ್ಷಿಣೆ, ವಿಧವೆಯರ ಅವಮಾನದ ವಿರುದ್ಧವೂ ತುಳಸಿ ನಿಂತರು. ಸಮಾಜದೊಳಗಿನ ಸಂಪ್ರದಾಯಸ್ಥರ ಸಿಟ್ಟನ್ನೂ ಎದುರಿಸಿದರು.

ಕರ್ನಾಟಕಕ್ಕೆ ಈ ಚಳವಳಿ ಕಾಲ್ನಡಿಗೆಯಲ್ಲೇ ಬಂತು. ತುಳಸಿ 1969ರ ಚಾತುರ್ಮಾಸ್ಯವನ್ನು ಬೆಂಗಳೂರಿನಲ್ಲಿ ಕಳೆದರು. ಐವತ್ತು ವರ್ಷಗಳ ನಂತರ, 2019ರಲ್ಲಿ, ಅದೇ ತೇರಾಪಂಥದ ಆಚಾರ್ಯ ಮಹಾಶ್ರಮಣರು ಬೆಂಗಳೂರಿನ ಕುಂಬಳಗೋಡಿನಲ್ಲಿ ತಂಗಿ, 2020ರ ಆರಂಭದಲ್ಲಿ ಹುಬ್ಬಳ್ಳಿಯಲ್ಲಿ ಪಂಥದ ವಾರ್ಷಿಕ ಮರ್ಯಾದಾ ಮಹೋತ್ಸವ ನಡೆಸಿದರು. ಸದ್ಭಾವನೆ, ನೈತಿಕತೆ, ವ್ಯಸನಮುಕ್ತಿ ಎಂಬ ಮೂರೇ ಸಂಕಲ್ಪಗಳನ್ನು ಅವರು ದಾರಿಯುದ್ದಕ್ಕೂ ಮಾಡಿಸಿದರು. ಇತ್ತ ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ವರದಕ್ಷಿಣೆರಹಿತ ಸಾಮೂಹಿಕ ವಿವಾಹಗಳಿಗೂ, ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಗೂ ಅಣುವ್ರತದ ಹೆಸರಿಲ್ಲ. ಆದರೆ ನಾಲ್ಕು ಜನರೆದುರು ಮಾತು ಕೊಟ್ಟು ಬದಲಾಗುವ ಬಗೆ ಅದೇ.

ವ್ರತಕ್ಕೆ ಎಟುಕದ ಜಾಗಗಳೂ ಇವೆ. 1980ರ ದಶಕದಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಕಾರ್ಖಾನೆಯ ತ್ಯಾಜ್ಯ ತುಂಗಭದ್ರೆಗೆ ಸೇರಿ ಮೀನು ಸಾಯುತ್ತಿದ್ದಾಗ, ದಡದ ಮನೆಯವರು ನಲ್ಲಿ ಎಷ್ಟು ಬಿಗಿಯಾಗಿ ತಿರುಗಿಸಿದ್ದರೂ ನದಿ ಉಳಿಯುತ್ತಿರಲಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳು ಕಟ್ಟಿದ ಹೋರಾಟ. ನೀರು ಪೋಲು ಮಾಡಬಾರದೆಂಬ ವ್ರತವನ್ನು ಮನೆವಾರ್ತೆಯವರಿಗೆ ಹೇಳುವಷ್ಟೇ ಗಟ್ಟಿಯಾಗಿ ಉದ್ಯಮ ನಡೆಸುವವರಿಗೂ ಹೇಳಬೇಕು. ದಿನಕ್ಕೆ ಎಷ್ಟು ನೀರು ಎತ್ತುತ್ತೇವೆ, ಎಂಥ ನೀರು ಬಿಡುತ್ತೇವೆ ಎಂಬ ಲೆಕ್ಕವನ್ನು ಊರಿನ ಮುಂದೆ ಇಡುವ ವ್ರತವೊಂದು ಕಾರ್ಖಾನೆಯ ಒಡೆಯರಿಗಾಗಿ ಅಣುವ್ರತದ ಪಟ್ಟಿಗೆ ಸೇರಬೇಕಾಗಿದೆ.